ನಿಂತಾಗ ಗಡಿಯಾರ ನಿಲ್ಲಿಸಿ

ಚುಕ್ಕೆಗಳು ಅವನ ಕಣ್ಣಿಗೆ ಬಿದ್ದದ್ದು ಬುಧವಾರ ಮಧ್ಯಾಹ್ನ. ಸಮಿತಿಯ ಸಭೆಗೆ ಆಗ ಪೂರ್ತಿ ಒಂದು ದಿನವೂ ಉಳಿದಿರಲಿಲ್ಲ.

ಮೇಡಂ ಫೋನು ಮಾಡದಿದ್ದರೆ ಅವನು ಆ ಸರ್ವೆ ಹಾಳೆಗಳನ್ನು ತೆಗೆಯುತ್ತಲೇ ಇರಲಿಲ್ಲ. ಆಕೆ ಊರಿನ ಯೋಜನೆಗಳಿಗೆ ಒಪ್ಪಿಗೆ ಕೊಡುವ ಸಮಿತಿಯ ಅಧ್ಯಕ್ಷೆ. ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ಈ ಕುರ್ಚಿಯಲ್ಲಿ ಕೂತ ಮೇಲೂ ಎಲ್ಲರಿಗೂ ಮೇಡಂ ಆಗಿಯೇ ಉಳಿದಿದ್ದರು. ಕಾಲಿಂದ ನಡೆದು ನೋಡದೆ ಯಾವ ಕಡತಕ್ಕೂ ಸಹಿ ಹಾಕುವವರಲ್ಲ.

"ನಾಳೆ ಹನ್ನೊಂದಕ್ಕೆ ವೋಟು. ಹತ್ತಕ್ಕೆ ಎಲ್ಲರೂ ಹೊಸ ಬಸ್‌ಸ್ಟಾಪಿನ ಜಾಗದಲ್ಲಿ ಸೇರೋಣ. ಅಲ್ಲಿಂದ ಪೇಟೆ ಮಧ್ಯಕ್ಕೆ ಐದು ನಿಮಿಷ ಅಂತ ಬರೆದಿದ್ದೀರಲ್ಲ, ನಡೆದು ನೋಡ್ಬಿಡೋಣ. ನಿಮ್ಮ ಸರ್ವೆ ಹಾಳೆಗಳನ್ನೂ ತನ್ನಿ. ಟೈಪ್ ಮಾಡಿದ್ದು ಬೇಡ, ಕೈಯಲ್ಲಿ ಬರೆದದ್ದು" ಎಂದು ಹೇಳಿ ಅವನ ಉತ್ತರಕ್ಕೂ ಕಾಯದೆ ಫೋನಿಟ್ಟಿದ್ದರು.

ಐದು ನಿಮಿಷ. ಆ ಎರಡು ಪದಗಳ ಮೇಲೆ ಅವನ ಮೂರು ವರ್ಷಗಳು ನಿಂತಿದ್ದವು.

ಊರ ನಡುವಿನ ಪೇಟೆ ಬೀದಿ ಉಸಿರುಗಟ್ಟಿ ಎಷ್ಟೋ ಕಾಲವಾಗಿತ್ತು. ಎರಡೂ ಬದಿಗೆ ನಿಲ್ಲಿಸಿದ ಕಾರುಗಳು, ನಡುವೆ ತೆವಳುವ ಬಸ್ಸು, ಸಂದಿಯಲ್ಲಿ ತೂರುವ ಸ್ಕೂಟರು. ಮಿಕ್ಕ ಒಂದು ಗೇಣಿನಲ್ಲಿ ಮನುಷ್ಯರು. ನಗರ ಯೋಜನಾ ಕಚೇರಿಯ ಸಂಚಾರ ವಿಭಾಗದಲ್ಲಿ ಕೂತು ಅವನು ಬರೆದ ನಕ್ಷೆಯಲ್ಲಿ ಆ ಬೀದಿ ಪೂರ್ತಿಯಾಗಿ ನಡೆಯುವವರದ್ದು. ಬಸ್ಸುಗಳು ಒಳಗೆ ಬರುವುದಿಲ್ಲ, ಹೊರಗಿನ ವರ್ತುಲ ರಸ್ತೆಯಲ್ಲೇ ನಿಲ್ಲುತ್ತವೆ. ಜನ ಅಲ್ಲಿ ಇಳಿದು ನಡೆದು ಬರುತ್ತಾರೆ. ಎಷ್ಟು ಹೊತ್ತಿನ ದಾರಿ ಎಂದು ಕೇಳಿದವರಿಗೆಲ್ಲ ಅವನು ಹೇಳಿದ್ದು ಒಂದೇ ಉತ್ತರ. ಹೇಳಿ ಹೇಳಿ ಪೇಟೆಯವರ ಬಾಯಲ್ಲಿ ಅವನ ಹೆಸರೇ ಅಳಿಸಿಹೋಗಿ 'ಐದ್ನಿಮಿಷದ ಸಾರ್' ಎಂಬುದೊಂದು ಉಳಿದಿತ್ತು.

ಸಮಿತಿಯಲ್ಲಿ ಏಳು ಜನ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುವ ಗುಂಪು. ಹೇಗೋ ಮಾಡಿ ಅವನು ನಾಲ್ಕು ಕೈಗಳನ್ನು ತನ್ನ ಕಡೆಗೆ ಕೂಡಿಸಿಟ್ಟಿದ್ದ. ಆದರೆ ಈ ಸಮಿತಿಯ ಅವಧಿ ನಾಳೆ ಮುಗಿಯುತ್ತಿತ್ತು. ಮುಂದಿನದರಲ್ಲಿ ವರ್ತಕರ ಸಂಘದ ಮುಖಂಡರಾದ ಚಪ್ಪಲಿ ಅಂಗಡಿಯವರು ಕೂರುವುದು ಖಚಿತ. ಗಿರಾಕಿಯ ಕಾರು ಅಂಗಡಿಯ ಬಾಗಿಲಿಗೇ ಬರಬೇಕು ಎನ್ನುವ ಮನುಷ್ಯ. ನಾಳೆ ಆ ನಾಲ್ಕು ಕೈಗಳು ಏಳದಿದ್ದರೆ ನಕ್ಷೆ ಬೀರು ಸೇರಿದ ಹಾಗೆಯೇ.

ಹಾಗಾಗಿ ಅವನು ಉಗ್ರಾಣಕ್ಕೆ ಹೋಗಿ ಹಾಳೆಗಳ ಕಟ್ಟು ಬಿಚ್ಚಿದ. ಹೋದ ವರ್ಷ ಒಂದು ವಾರ ಪ್ರಯೋಗಕ್ಕೆಂದು ಬೀದಿಯಲ್ಲಿ ವಾಹನ ಸಂಚಾರ ನಿಲ್ಲಿಸಿದ್ದಾಗ ಮಾಡಿದ ಸರ್ವೆ ಅದು. ತೊಂಬತ್ತಾರು ಜನರ ಹಿಂದೆ ಸ್ಟಾಪ್‌ವಾಚ್ ಹಿಡಿದು ನಡೆದವನು ಕಚೇರಿಯ ಹಳೆಯ ಸರ್ವೇಯರ್. ಯಾವಾಗಲೂ ಅಳತೆ ಚಕ್ರ ಉರುಳಿಸಿಕೊಂಡೇ ಓಡಾಡುವುದರಿಂದ ಅವನು ಎಲ್ಲರಿಗೂ ಚಕ್ರಣ್ಣ. ಸಾಲುಗಳೆಲ್ಲ ದುಂಡಗಿನ ಅಕ್ಷರದಲ್ಲಿದ್ದವು. ಅಂಚಿನಲ್ಲಿ, ಎಲ್ಲೂ ಹೇಳದ, ಯಾರೂ ಟೈಪ್ ಮಾಡದ ಚುಕ್ಕೆಗಳಿದ್ದವು.

"ಚಕ್ರಣ್ಣ, ಈ ಚುಕ್ಕೆ ಏನು?"

"ಯಾವ ಚುಕ್ಕೆ ಸಾರ್?"

"ಅಂಚಲ್ಲಿ. ಇಲ್ಲಿ ಎರಡು. ಇಲ್ಲಿ ಮೂರು."

ಚಕ್ರಣ್ಣ ಕನ್ನಡಕ ಹಣೆಗೇರಿಸಿ ಹಾಳೆಯನ್ನು ಮೂಗಿನ ಹತ್ತಿರ ತಂದ. "ಅದಾ. ಕೂತಿದ್ದು ಸಾರ್."

"ಯಾರು ಕೂತಿದ್ದು?"

"ನಡೀತಿದ್ದೋರು. ನಡೀತಾ ನಡೀತಾ ಅಂಗಡಿ ಮೆಟ್ಟಿಲ ಮೇಲೆ ಕೂತ್ಬಿಡೋರು. ಒಂದು ಸಲ ಕೂತ್ರೆ ಒಂದು ಚುಕ್ಕೆ."

"ಕೂತ ಹೊತ್ತು ಎಲ್ಲಿ ಬರೆದಿದ್ದೀರಿ?"

"ಬರೆದಿಲ್ಲ. ನೀವೇ ಬೇಡ ಅಂದಿದ್ರಲ್ಲ?"

ಅವನಿಗೆ ನೆನಪಾಯಿತು. ಸರ್ವೆಗೆ ಮುಂಚೆ ಅವನೇ ಕೂತು ಬರೆದ ಸೂಚನೆಗಳಲ್ಲಿ ನಾಲ್ಕನೆಯದು: ನಡೆಯುವವರು ನಿಂತಾಗ ಗಡಿಯಾರ ನಿಲ್ಲಿಸಿ, ಹೊರಟಾಗ ಮತ್ತೆ ಒತ್ತಿ. ಅಳೆಯಬೇಕಾದದ್ದು ನಡಿಗೆಯನ್ನು, ಗಾಜಿನೊಳಗಿನ ಸೀರೆ ನೋಡುತ್ತ ನಿಂತವರನ್ನಲ್ಲ, ಪರಿಚಯದವರು ಸಿಕ್ಕಿ ಹರಟೆಗಿಳಿದವರನ್ನಲ್ಲ. ಆ ಸೂಚನೆ ಬರೆದ ದಿನ ತನ್ನ ಬುದ್ಧಿಗೆ ತಾನೇ ತಲೆದೂಗಿದ್ದ.

"ಮತ್ತೆ ಚುಕ್ಕೆ ಯಾಕೆ ಇಟ್ರಿ?"

"ಕೈ ತಡೀಲಿಲ್ಲ ಸಾರ್. ನಾನು ಗಡಿಯಾರ ನಿಲ್ಲಿಸಿ ಪಕ್ಕದಲ್ಲಿ ನಿಂತಿರ್ತಿದ್ದೆ. ಅವರು ಏದುಸಿರು ಬಿಡ್ತಾ ಕೂತಿರೋರು. ಏನೂ ಬರೀದೆ ಹಾಳೆ ಮಡಚೋಕೆ ಒಂಥರಾ ಆಗೋದು."

ಅವನು ಎಣಿಸಿದ. ತೊಂಬತ್ತಾರರಲ್ಲಿ ಮೂವತ್ತೊಂದು ಸಾಲುಗಳಿಗೆ ಚುಕ್ಕೆಯಿತ್ತು. ಮೂವತ್ತನೆಯದನ್ನು ಎಣಿಸಿ ಮುಂದಿನದಕ್ಕೆ ಬೆರಳಿಟ್ಟಾಗ ಬೆರಳು ಅಲ್ಲೇ ನಿಂತಿತು.

ಹೆಂಗಸು. ಐವತ್ತರ ಮೇಲೆ. ನೀಲಿ ಚೀಲ. ಕೊರಳಲ್ಲಿ ಅಳತೆ ಟೇಪು. ಏಳು ನಿಮಿಷ ನಲವತ್ತು ಸೆಕೆಂಡು. ಪಕ್ಕದಲ್ಲಿ ನಾಲ್ಕು ಚುಕ್ಕೆ.

ಮನೆಯಿಂದಲೇ ಕೊರಳಿಗೆ ಟೇಪು ಹಾಕಿಕೊಂಡು ಹೊರಡುವ ಹೆಂಗಸು ಅವನಿಗೆ ಗೊತ್ತಿದ್ದಂತೆ ಊರಿನಲ್ಲಿ ಒಬ್ಬಳೇ.

"ಇವರು ಒಟ್ಟು ಎಷ್ಟು ಹೊತ್ತು ತಗೊಂಡ್ರು, ನೆನಪಿದೆಯಾ?"

"ಓ, ಇವರು! ಚೆನ್ನಾಗಿ ನೆನಪಿದೆ. ಇಪ್ಪತ್ತರ ಹತ್ತಿರ. ಕೊನೇ ಸಲ ಕೂತಾಗ ನನ್ನ ಕಡೆ ತಿರುಗಿ, 'ಆಗ್ಲಿಂದ ಹಿಂದೆ ಹಿಂದೆನೇ ಬರ್ತಿದ್ದೀರಿ, ನಿಮಗೂ ಸೊಂಟ ನೋವಾ ಅಣ್ಣಾ, ಬನ್ನಿ ಕೂತ್ಕೊಳ್ಳಿ' ಅಂದ್ರು." ಚಕ್ರಣ್ಣ ನಕ್ಕ. ಎದುರಿನ ಮುಖ ನೋಡಿ ನಗು ನುಂಗಿಕೊಂಡ. "ಗೊತ್ತಿರೋರಾ ಸಾರ್?"

"ನನ್ನಕ್ಕ."

ಉಗ್ರಾಣದ ಫ್ಯಾನು ಕಿರುಗುಟ್ಟಿತು. ಚಕ್ರಣ್ಣ ಹಾಳೆಗಳನ್ನು ಜೋಡಿಸಿ ಮತ್ತೆ ಕಟ್ಟು ಕಟ್ಟಿದ.

*

ಅಕ್ಕ ಅವನಿಗಿಂತ ಹದಿನಾರು ವರ್ಷ ದೊಡ್ಡವಳು. ಅಮ್ಮ ಕೆಲಸಕ್ಕೆ ಹೋದಾಗ ಮನೆಯಲ್ಲಿ ಅವನನ್ನು ಸೊಂಟದ ಮೇಲಿಟ್ಟುಕೊಂಡು ಬೆಳೆಸಿದವಳು. ಆ ಸೊಂಟವೇ ಈಗ ನೋಯುತ್ತಿರುವುದು. ಪೇಟೆ ಬೀದಿಯ ಮಧ್ಯದಲ್ಲಿ ಅವಳದೊಂದು ಹೊಲಿಗೆ ಅಂಗಡಿ. ಹೊಸದನ್ನು ಹೊಲಿಯುವುದಿಲ್ಲ, ಇದ್ದದ್ದನ್ನು ಸರಿಮಾಡುತ್ತಾಳೆ. ಕಾಲರ್ ತಿರುಗಿಸುವುದು, ಜಿಪ್ ಬದಲಿಸುವುದು, ಉದ್ದ ಕಡಿಮೆ ಮಾಡುವುದು. ಬಸ್ಸು ಅವಳ ಬಾಗಿಲಿನಿಂದ ಇಪ್ಪತ್ತು ಹೆಜ್ಜೆಯಲ್ಲಿ ನಿಲ್ಲುತ್ತದೆ.

ಅವಳ ಜೊತೆ ಕೊನೆಯ ಸಲ ನಡೆದದ್ದು ಯಾವಾಗ ಎಂದು ಅವನು ದಾರಿಯುದ್ದಕ್ಕೂ ಯೋಚಿಸಿದ. ನೆನಪಾಗಲಿಲ್ಲ. ಎಲ್ಲಿಗೆ ಹೊರಟರೂ ಅವಳದು ಒಂದೇ ಮಾತು: "ನೀನು ಹೋಗ್ತಿರು, ಬರ್ತೀನಿ." ಅವನು ಹೋಗುತ್ತಿದ್ದ. ಅವಳು ಬರುತ್ತಿದ್ದಳು. ನಡುವೆ ಏನಾಗುತ್ತಿತ್ತು ಎಂದು ಒಮ್ಮೆಯೂ ತಿರುಗಿ ನೋಡಿರಲಿಲ್ಲ. ಇಡೀ ಊರು ಹೇಗೆ ನಡೆಯುತ್ತದೆ ಎಂದು ಅಳೆದವನು. ದೀಪದ ಬುಡದಲ್ಲಿ ಕತ್ತಲೆ ಎಂದರೆ ಇದೇ ಇರಬೇಕು.

"ಬನ್ನಿ ಬನ್ನಿ, ಐದ್ನಿಮಿಷದ ಸಾರ್!" ಚಪ್ಪಲಿ ಅಂಗಡಿಯವರು ಬಾಗಿಲಲ್ಲೇ ನಿಂತಿದ್ದರು. "ನಾಳೆ ನಮ್ಮ ಅಂಗಡಿಗೆ ಹಾಕೋ ಬೀಗ ನೀವೇ ತರ್ತೀರೋ, ನಾವೇ ಕೊಡಿಸ್ಬೇಕೋ?"

"ಜನ ನಡೆದ್ರೆ ಚಪ್ಪಲಿ ಸವೆಯುತ್ತೆ ಸಾಹುಕಾರ್ರೇ. ನಿಮಗೇ ವ್ಯಾಪಾರ."

"ಕೇಳೋಕೆ ಚೆಂದ! ಕಾರಲ್ಲಿ ಬರೋನು ನಾಲ್ಕು ಜೊತೆ ತಗೊಂಡು ಹೋಗ್ತಾನೆ. ನಡ್ಕೊಂಡು ಬರೋನು ಹಳೇದನ್ನೇ ಹೊಲಿಸ್ಕೊಂಡು ಹೋಗ್ತಾನೆ. ಬೇಕಾದ್ರೆ ನಿಮ್ಮ ಅಕ್ಕನ್ನೇ ಕೇಳಿ."

ಬೇರೆ ದಿನವಾಗಿದ್ದರೆ ಅವನು ತಿರುಗಿ ಒಂದು ಮಾತು ಎಸೆಯುತ್ತಿದ್ದ. ಇಂದು ಅವನ ಕಣ್ಣು ಮೆಟ್ಟಿಲ ಮೇಲಿತ್ತು. ಚಪ್ಪಲಿ ಅಂಗಡಿಯ ಎರಡು ಮೆಟ್ಟಿಲುಗಳಲ್ಲಿ ಕೆಳಗಿನದರ ಮೇಲೆ ಒಬ್ಬ ಮುದುಕ ತರಕಾರಿ ಚೀಲ ಪಕ್ಕಕ್ಕಿಟ್ಟು ಕೂತಿದ್ದ. ಆಚೆ ಔಷಧಿ ಅಂಗಡಿಯ ಮುಂದೆ ಒಬ್ಬ ಬಸುರಿ. ಕನ್ನಡಕದಂಗಡಿಯ ಮುಂದೆ ಇಬ್ಬರು. ಇಷ್ಟು ದಿನ ಇವರು ಅವನ ಕಣ್ಣಿಗೆ ಬೀದಿಯ ಸಾಮಾನಿನ ಹಾಗೆ ಕಾಣುತ್ತಿದ್ದರು.

ನಕ್ಷೆಯಲ್ಲಿ ಈ ಮೆಟ್ಟಿಲುಗಳಿರಲಿಲ್ಲ. ಗಾಲಿಕುರ್ಚಿಯವರೂ ಒಳಗೆ ಹೋಗುವಂತೆ ಎಲ್ಲ ಅಂಗಡಿಗಳ ಬಾಗಿಲನ್ನು ಬೀದಿಯ ಮಟ್ಟಕ್ಕೆ ತರಬೇಕೆಂದು ಅವನೇ ಬರೆದಿದ್ದ. ಮೊದಲ ನಕ್ಷೆಯಲ್ಲಿ ಹದಿನಾಲ್ಕು ಬೆಂಚುಗಳಿದ್ದವು. ಬೆಂಚು ಹಾಕಿದರೆ ಪೋಲಿಗಳು ಬಂದು ಕೂರುತ್ತಾರೆ, ಅಂಗಡಿಯ ಗಾಜು ಮುಚ್ಚಿಹೋಗುತ್ತದೆ ಎಂದು ಇದೇ ಚಪ್ಪಲಿ ಅಂಗಡಿಯವರು ಗದ್ದಲ ಎಬ್ಬಿಸಿದಾಗ, ಎರಡು ವೋಟು ಉಳಿಸಿಕೊಳ್ಳಲು ಅವನು ಹದಿನಾಲ್ಕನ್ನೂ ಅಳಿಸಿದ್ದ. ಐದು ನಿಮಿಷದ ದಾರಿಗೆ ಬೆಂಚು ಯಾಕೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ಅಂದರೆ ಮುನ್ನೂರ ಎಂಬತ್ತು ಮೀಟರು ಉದ್ದಕ್ಕೆ ಕೂರಲು ಒಂದೇ ಒಂದು ಜಾಗವನ್ನೂ ಉಳಿಸಿರಲಿಲ್ಲ.

ಅಕ್ಕ ಮಿಷನ್ ಮೇಲೆ ಬಗ್ಗಿದ್ದಳು. ಅವನನ್ನು ನೋಡಿ ತಲೆಯೆತ್ತದೆಯೇ, "ನಿನ್ನ ಪ್ಯಾಂಟೇ ಹಿಡಿದಿದ್ದೀನಿ ಪುಟ್ಟಾ. ನಾಳೆ ಇದನ್ನೇ ಹಾಕ್ಕೊಂಡು ಹೋಗು. ಆ ಮಾಸಿದ್ದು ಹಾಕ್ಕೊಂಡು ಹೋದ್ರೆ ಯಾರು ವೋಟು ಹಾಕ್ತಾರೆ" ಎಂದಳು.

ಅವನು ಸ್ಟೂಲು ಎಳೆದು ಕೂತ.

"ಅಕ್ಕ, ಹೋದ ವರ್ಷ ಒಂದು ವಾರ ಬಸ್ಸು ನಿಲ್ಲಿಸಿದ್ವಲ್ಲ. ಆಗ ನೀನು ಎಷ್ಟು ದಿನ ಅಂಗಡಿ ತೆಗೆದೆ?"

"ಈಗ್ಯಾಕೆ ಅದು?"

"ಹೇಳು."

"ಮೂರು ದಿನ. ಜ್ವರ ಬಂದಿತ್ತು ಅಂದಿರ್ಲಿಲ್ವಾ?"

"ಜ್ವರ ಸೊಂಟಕ್ಕೆ ಬಂದಿತ್ತಾ?"

ಮಿಷನ್ ನಿಂತಿತು. ಸೂಜಿ ಬಟ್ಟೆಯಲ್ಲಿ ಅರ್ಧಕ್ಕೆ ಇಳಿದಿತ್ತು. ಹೊರಗೆ ಬಸ್ಸೊಂದು ಕಾರಿನ ಹಿಂದೆ ಸಿಕ್ಕಿಕೊಂಡು ಹಾರ್ನ್ ಒತ್ತುತ್ತಲೇ ಇತ್ತು.

"ಕೀಲು ಸವೆದಿದೆ ಅಂತ ಡಾಕ್ಟ್ರು ಹೇಳಿ ಎರಡು ವರ್ಷ ಆಯ್ತು" ಎಂದಳು ಕೊನೆಗೆ. "ಸಾಯೋ ಕಾಯಿಲೆ ಏನಲ್ಲ."

"ನನಗ್ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲ." ಆಮೇಲೆ ಅವನ ಮುಖ ನೋಡಿ ದನಿ ತಗ್ಗಿಸಿದಳು. "ಕೇಳಿದ್ರೂ ಹೇಳ್ತಿರ್ಲಿಲ್ಲ ಬಿಡು. ಊಟ ನಿದ್ದೆ ಬಿಟ್ಟು ಬೀದಿ ಬೀದಿ ಅಂತ ಒದ್ದಾಡ್ತಿದ್ದೆ. ಅದಕ್ಕೆ ನಾನೇ ಅಡ್ಡಗಾಲು ಹಾಕ್ಲಾ?"

"ನನ್ನ ಅಂಕಿ ಸುಳ್ಳು ಅಕ್ಕ. ನಾಳೆ ಹೇಳ್ಬೇಕು."

"ಹೇಳಿದ್ರೆ ಏನಾಗುತ್ತೆ?"

"ಬಿದ್ದುಹೋಗುತ್ತೆ. ಬೆಂಕಿಗೆ ತುಪ್ಪ ಸುರಿಯೋಕೆ ಜನ ಕಾಯ್ತಿದ್ದಾರೆ."

"ಹಾಗಾದ್ರೆ ಬಾಯಿ ಮುಚ್ಕೊಂಡಿರು." ಅವಳು ದಾರ ಕತ್ತರಿಸಿದಳು. "ಆ ಮೂರು ದಿನ ಹೇಗಿತ್ತು ಗೊತ್ತಾ? ಒಂದು ಹಾರ್ನಿಲ್ಲ. ನನ್ನ ಮಿಷನ್ ಸದ್ದು ನನಗೇ ಕೇಳಿಸ್ತು. ಹದಿನೆಂಟು ವರ್ಷದಲ್ಲಿ ಮೊದಲನೇ ಸಲ ಕಣೋ. ಈ ಬೀದಿ ಹಾಗಾಗ್ಬೇಕು. ನನ್ನ ಕಾಲನ್ನ ಸಭೇಲಿ ಮೆರವಣಿಗೆ ಮಾಡಿಸಿ ಅದನ್ನ ಕೆಡಿಸ್ಬೇಡ."

"ನೀನೊಬ್ಬಳೇ ಅಲ್ಲ. ಮೂವತ್ತೊಂದು ಜನ."

"ಅವರು ಬಂದು ನಿನ್ನ ಹತ್ರ ಅತ್ತರಾ? ಎಲ್ಲರೂ ಹೇಗೋ ಸಂಭಾಳಿಸ್ತಾರೆ."

ಅವಳ ದನಿಯಲ್ಲಿ ಸಿಟ್ಟಿತ್ತು. ಸಿಟ್ಟಿನ ಕೆಳಗೆ ಬೇರೇನೋ ಇತ್ತು, ಸಿಕ್ಕಿಬಿದ್ದವರ ನಾಚಿಕೆಯಂಥದ್ದು. ಪ್ಯಾಂಟಿನ ಇನ್ನೊಂದು ಕಾಲು ಹಾಗೆಯೇ ಉಳಿಯಿತು. ಅವಳು ಶಟರ್ ಎಳೆದಳು.

"ನೀನು ಹೋಗ್ತಿರು, ಬರ್ತೀನಿ" ಎಂದಳು.

ಅವನು ಹೋದ. ಆದರೆ ಬಸ್‌ಸ್ಟಾಪಿನ ಕಂಬದ ಮರೆಯಲ್ಲಿ ನಿಂತು ಹಿಂತಿರುಗಿ ನೋಡಿದ. ಇಪ್ಪತ್ತೇ ಹೆಜ್ಜೆ. ಅವಳು ಹನ್ನೆರಡು ಹೆಜ್ಜೆ ಬಂದು, ದೀಪದ ಕಂಬಕ್ಕೆ ಕೈಕೊಟ್ಟು, ಏನೋ ಮರೆತವಳ ಹಾಗೆ ಚೀಲದೊಳಗೆ ನೋಡುತ್ತ ನಿಂತಳು. ಚೀಲದಲ್ಲಿ ಏನನ್ನೂ ಹುಡುಕುತ್ತಿರಲಿಲ್ಲ.

ಅಷ್ಟರಲ್ಲಿ ಅವನ ಜೇಬಿನಿಂದ ಟಕ್ ಎಂಬ ಸದ್ದು ಬಂತು. ಕಚೇರಿಯ ಸ್ಟಾಪ್‌ವಾಚ್ ಜೇಬಿನಲ್ಲೇ ಇತ್ತು. ಅವಳು ಅಂಗಡಿ ಬಿಟ್ಟಾಗ ಅವನ ಹೆಬ್ಬೆರಳು ತನಗರಿವಿಲ್ಲದೆ ಅದನ್ನು ಒತ್ತಿತ್ತು; ಅವಳು ನಿಂತ ಕೂಡಲೇ ಮತ್ತೆ ಒತ್ತಿ ನಿಲ್ಲಿಸಿತ್ತು.

*

ಗುರುವಾರ ಬೆಳಗ್ಗೆ ಹತ್ತಕ್ಕೆ ವರ್ತುಲ ರಸ್ತೆಯ ಮೂಲೆಯಲ್ಲಿ ಏಳು ಜನ ಸದಸ್ಯರೂ ಸೇರಿದ್ದರು. ಚಪ್ಪಲಿ ಅಂಗಡಿಯವರು ಕರೆಯದಿದ್ದರೂ ಬಂದಿದ್ದರು. ಚಕ್ರಣ್ಣ ಅಳತೆ ಚಕ್ರವನ್ನು ನೆಲಕ್ಕೆ ಊರಿ ನಿಂತಿದ್ದ. ಅವನ ಕಂಕುಳಲ್ಲಿ ಹಾಳೆಗಳ ಕಟ್ಟು.

ನಕ್ಷೆ ಬರೆದವನು ರಾತ್ರಿಯೆಲ್ಲ ಒಂದು ವಾಕ್ಯವನ್ನು ಕಟ್ಟಿಕೊಂಡಿದ್ದ. ಮೂವತ್ತೊಂದು ಜನರ ಬಗ್ಗೆ ಹೇಳುವುದು, ಅಕ್ಕನ ಸಾಲನ್ನು ಮುಟ್ಟದಿರುವುದು. ವಾಕ್ಯ ಗಂಟಲಲ್ಲಿ ಸಿದ್ಧವಾಗಿತ್ತು.

"ಕಚೇರಿಯವರ ಕಾಲು ಬೇಡ" ಎಂದರು ಮೇಡಂ, ಕೈಗಡಿಯಾರ ಬಿಚ್ಚಿ ಅಂಗೈಯಲ್ಲಿ ಹಿಡಿದುಕೊಳ್ಳುತ್ತ. "ನನ್ನದೂ ಬೇಡ, ನಾನು ದಿನಾ ವಾಕಿಂಗ್ ಮಾಡೋಳು. ಪೇಟೆಗೆ ದಿನಾ ಬಸ್ಸಲ್ಲಿ ಬರೋರು ಯಾರಾದ್ರೂ ನಡೀಲಿ."

ಅವನು ಬಾಯಿ ತೆರೆದ. ಅಷ್ಟರಲ್ಲೇ ಬಸ್ಸು ಬಂದು ನಿಂತಿತು. ಅದರಿಂದ ಮೊದಲು ಇಳಿದದ್ದು ನೀಲಿ ಚೀಲ, ಆಮೇಲೆ ಅಕ್ಕ.

ದಿನವೂ ಅಂಗಡಿಯ ಬಾಗಿಲಲ್ಲಿ ಇಳಿಯುವವಳು ಇಂದು ಇಲ್ಲೇ ಇಳಿದಿದ್ದಳು. ಇಸ್ತ್ರಿ ಮಾಡಿದ ಸೀರೆ, ಕೊರಳಲ್ಲಿ ಟೇಪು. "ನಾನು ನಡೀತೀನಿ ಮೇಡಂ. ನನ್ನ ಅಂಗಡಿ ಪೇಟೆ ಮಧ್ಯದಲ್ಲೇ ಇದೆ."

"ಅವರು ಇವರ ಸ್ವಂತ ಅಕ್ಕ ಮೇಡಂ!" ಚಪ್ಪಲಿ ಅಂಗಡಿಯವರು ಕೈಯೆತ್ತಿದರು. "ಮೇಷ್ಟ್ರ ಮಗಳಿಗೆ ಮೇಷ್ಟ್ರೇ ಪರೀಕ್ಷೆ ಇಟ್ಟಂಗಾಯ್ತು!"

"ಕಾಲಿಗೆ ನೆಂಟಸ್ತಿಕೆ ಇರಲ್ಲ ರೀ" ಎಂದರು ಮೇಡಂ. "ನಡೀಲಿ ಬಿಡಿ."

ಅಕ್ಕ ಒಮ್ಮೆ ಅವನ ಕಡೆ ನೋಡಿದಳು. ಚಿಕ್ಕವನಾಗಿದ್ದಾಗ ಶಾಲೆಯ ಗೇಟಿನಲ್ಲಿ ಬಿಟ್ಟು ಹೋಗುವಾಗ ನೋಡುತ್ತಿದ್ದ ಹಾಗೆ. ಅವನಿಗೆ ಎಲ್ಲವೂ ತಿಳಿದುಹೋಯಿತು. ಅವಳು ಬಂದದ್ದು ಕೂತು ತೋರಿಸಲು ಅಲ್ಲ. ಒಂದು ಸಲವೂ ಕೂರದೆ, ಅವನ ಐದು ನಿಮಿಷವನ್ನು ನಿಜ ಮಾಡಿಕೊಡಲು ಬಂದಿದ್ದಾಳೆ.

ಈಗ ಹೇಳಬೇಕಾಗಿತ್ತು. ಅವನು ಹೇಳಲಿಲ್ಲ. ಸ್ಟಾಪ್‌ವಾಚ್ ಒತ್ತಿದ.

ಅಕ್ಕ ಚೆನ್ನಾಗಿ ಹೆಜ್ಜೆ ಹಾಕಿದಳು. ಮೊದಲ ನೂರು ಮೀಟರು ಮೇಡಂ ಜೊತೆ ಮಾತಾಡುತ್ತಲೇ ನಡೆದಳು: ಹೊಲಿಗೆ ಕೆಲಸ ಹೇಗಿದೆ, ಈಗಿನ ಜಿಪ್ಪುಗಳು ಎಷ್ಟು ಬೇಗ ಹಾಳಾಗುತ್ತವೆ. ಹಿಂದೆ ಸದಸ್ಯರು, ಪಕ್ಕದಲ್ಲಿ ಚಕ್ರಣ್ಣ. ಮೀಟರಿಗೊಮ್ಮೆ ಅವನ ಚಕ್ರ ಟಿಕ್ ಎನ್ನುತ್ತಿತ್ತು. ಕನ್ನಡಕದಂಗಡಿಯ ಮೆಟ್ಟಿಲು ಬಂತು, ಹೋಯಿತು. ಒಂದು ನಿಮಿಷ ಐವತ್ತು ಸೆಕೆಂಡು.

ಔಷಧಿ ಅಂಗಡಿ ಬರುವ ಹೊತ್ತಿಗೆ ಮಾತು ನಿಂತಿತ್ತು. ಚೀಲ ಎಡ ಭುಜದಿಂದ ಬಲಕ್ಕೆ, ಬಲದಿಂದ ಮತ್ತೆ ಎಡಕ್ಕೆ ಹೋಯಿತು. ಚಕ್ರದ ಟಿಕ್‌ಟಿಕ್‌ಗಳ ನಡುವಿನ ಬಿಡುವು ಹಿಗ್ಗುತ್ತಿರುವುದು ಅವನಿಗೆ ಕೇಳಿಸಿತು. ಚಕ್ರಣ್ಣ ಅವನತ್ತ ನೋಡಿದ. ಅವನು ಗಡಿಯಾರದತ್ತ ನೋಡಿದ. ಮೂರು ನಿಮಿಷ ನಲವತ್ತು. ಔಷಧಿ ಅಂಗಡಿಯ ಮೆಟ್ಟಿಲನ್ನು ಅಕ್ಕ ಕಣ್ಣೆತ್ತಿಯೂ ನೋಡದೆ ದಾಟಿದಳು. ಬಾಯಾರಿದವರು ನೀರಿನ ಕಡೆ ನೋಡದೆ ದಾಟುವ ಹಾಗೆ.

"ಏಳಾಗ್ಬಹುದು" ಎಂದರು ಮೇಡಂ ಮೆಲ್ಲಗೆ. "ಐದಲ್ಲ. ಆದ್ರೂ ಪರವಾಗಿಲ್ಲ, ಏಳಾದ್ರೆ ಒಪ್ಪಬಹುದು."

ಚಪ್ಪಲಿ ಅಂಗಡಿಯವರ ಮುಖ ಸಣ್ಣದಾಯಿತು. ಅವನ ಕಡೆಯ ಸದಸ್ಯರೊಬ್ಬರು ಬೆನ್ನು ತಟ್ಟಿದರು. ಇನ್ನು ನೂರೈವತ್ತು ಮೀಟರು. ಮೂರು ವರ್ಷ ಕಾದದ್ದು ಅಂಗೈಗೆ ಬಂದು ಕೂತಿತ್ತು. ಅವನು ಸುಮ್ಮನಿದ್ದರೆ ಸಾಕಿತ್ತು.

ಆಗ ಅವನು ಅವಳ ಕೈ ನೋಡಿದ. ಕೊರಳಿನಿಂದ ಇಳಿದ ಟೇಪಿನ ಎರಡೂ ತುದಿಗಳನ್ನು, ಬಸ್ಸು ವಾಲಿದಾಗ ಮೇಲಿನ ಪಟ್ಟಿ ಹಿಡಿದುಕೊಳ್ಳುವಂತೆ, ಬಿಗಿಯಾಗಿ ಹಿಡಿದಿದ್ದಳು. ಬೆರಳ ಗಿಣ್ಣುಗಳು ಬಿಳಿಚಿದ್ದವು. ತುಟಿಯ ಮೇಲೆ ಬೆವರು. ಎಡಗಾಲು ನೆಲಕ್ಕೆ ತಾಗುವ ಮುನ್ನ ಪ್ರತಿಸಲವೂ ಅವಳ ಉಸಿರು ಕ್ಷಣ ತಡೆಯುತ್ತಿತ್ತು. ಇವತ್ತು ತಲುಪಿಯೇಬಿಡುತ್ತಾಳೆ. ನಾಳೆ?

"ಅಕ್ಕಾ, ಕೂತ್ಕೋ."

ಎಲ್ಲರೂ ನಿಂತರು. ಅವಳು ಮಾತ್ರ ನಿಲ್ಲಲಿಲ್ಲ.

"ಸುಮ್ನಿರೋ" ಎಂದಳು ಹಲ್ಲು ಕಚ್ಚಿಕೊಂಡೇ.

"ಕೂತ್ಕೋ ಅಕ್ಕ. ಗಡಿಯಾರ ಓಡ್ತಾ ಇರುತ್ತೆ."

ಅವಳು ಇನ್ನೆರಡು ಹೆಜ್ಜೆ ಹಾಕಿದಳು. ಮೂರನೆಯದು ಬರಲಿಲ್ಲ. ಚಪ್ಪಲಿ ಅಂಗಡಿಯ ಗೋಡೆಗೆ ಕೈಕೊಟ್ಟು, ಕೆಳಗಿನ ಮೆಟ್ಟಿಲ ಮೇಲೆ ಕುಸಿದಳು.

ಚಪ್ಪಲಿ ಅಂಗಡಿಯವರು ಸರಸರನೆ ಒಳಗೆ ಹೋಗಿ, ಗಿರಾಕಿಗಳು ಕೂತು ಚಪ್ಪಲಿ ಹಾಕಿ ನೋಡುವ ಗಿಡ್ಡ ಸ್ಟೂಲನ್ನು ತಂದರು. "ಮೆಟ್ಟಿಲು ತಣ್ಣಗಿದೆ. ಇದರ ಮೇಲೆ ಕೂತ್ಕೊಳ್ಳಿ ಟೇಪಕ್ಕ" ಎಂದರು. ಬಾಗಿಲಿಗೆ ಅಡ್ಡವಾಯಿತೆಂದು ತಂದರೋ ಕರುಳು ಚುರುಕ್ ಎಂದು ತಂದರೋ, ಅವರಿಗೂ ಗೊತ್ತಿದ್ದಂತೆ ಕಾಣಲಿಲ್ಲ.

ಒಂದು ನಿಮಿಷ ಹೋಯಿತು. ಎರಡಾಯಿತು. ನಿಂತು ಕಾಯುವವರಿಗೆ ಎರಡು ನಿಮಿಷ ಎಷ್ಟು ಉದ್ದ ಎಂದು ಆ ಏಳು ಜನರ ಮುಖದಲ್ಲಿ ಕಾಣುತ್ತಿತ್ತು. ಬೆನ್ನು ತಟ್ಟಿದ್ದ ಸದಸ್ಯರು ಕೆಮ್ಮಿದರು.

"ಅವರು ನಿಂತಿದ್ದಾರಲ್ರೀ. ಗಡಿಯಾರ ನಿಲ್ಲಿಸಲ್ವಾ?"

"ಇಲ್ಲ" ಎಂದ ಅವನು. ಕಟ್ಟಿಕೊಂಡಿದ್ದ ವಾಕ್ಯ ಎಲ್ಲೋ ಬಿದ್ದುಹೋಗಿತ್ತು. "ನಿಲ್ಲಿಸಿ ನಿಲ್ಲಿಸಿಯೇ ಐದು ನಿಮಿಷ ಬಂದದ್ದು. ನಾನೇ ಹಾಗೆ ಮಾಡಿ ಅಂತ ಬರೆದುಕೊಟ್ಟಿದ್ದೆ. ಚಕ್ರಣ್ಣ, ಹಾಳೆ ಕೊಡಿ ಮೇಡಂಗೆ. ಅಂಚಲ್ಲಿರೋ ಚುಕ್ಕೆ ನೋಡಿ. ಒಂದೊಂದು ಚುಕ್ಕೇನೂ ಹೀಗೆ ಒಬ್ಬರು ಕೂತಿದ್ದು. ಅವರು ಕೂತಿದ್ದು ಈ ಮೆಟ್ಟಿಲುಗಳ ಮೇಲೆ. ನನ್ನ ನಕ್ಷೇಲಿ ಈ ಮೆಟ್ಟಿಲೂ ಇಲ್ಲ, ಬೆಂಚೂ ಇಲ್ಲ. ಬೆಂಚು ಅಳಿಸಿದ್ದೂ ನಾನೇ."

ಮೇಡಂ ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಅಕ್ಕ ಅವನನ್ನು ನೋಡಲಿಲ್ಲ. ನೆಲ ನೋಡುತ್ತ ಕೂತಿದ್ದಳು.

ಐದು ನಿಮಿಷವಾದ ಮೇಲೆ ಎದ್ದಳು. ಮುಂದೆ ಇನ್ನೆರಡು ಸಲ ಕೂತಳು. ಅವಳು ಕೂತಾಗಲೆಲ್ಲ ಇಡೀ ಸಮಿತಿ ಬೀದಿಯ ನಡುವೆ ನಿಂತಿತು; ಹಿಂದೆ ಕಾರುಗಳು ಹಾರ್ನ್ ಒತ್ತಿದವು, ಯಾರೂ ಸರಿಯಲಿಲ್ಲ. ಅಂಗಡಿಯ ಶಟರಿಗೆ ಅವಳ ಕೈ ತಾಗಿದಾಗ ಮೇಡಂ ತಮ್ಮ ಗಡಿಯಾರ ನೋಡಿದರು.

"ಇಪ್ಪತ್ತು ನಿಮಿಷ, ಹದಿನೈದು ಸೆಕೆಂಡು."

*

ಸಭೆ ಅರ್ಧ ಗಂಟೆಯಲ್ಲಿ ಮುಗಿಯಿತು. ಈ ಅಂಕಿಗೆ ತಾನು ಸಹಿ ಹಾಕುವುದಿಲ್ಲ ಎಂದರು ಮೇಡಂ. ಅವನು ಎದ್ದು ನಿಂತು ಬೆಂಚುಗಳನ್ನು ಮರಳಿ ಹಾಕುವುದಾಗಿಯೂ, ಬೀದಿಯುದ್ದಕ್ಕೆ ನಡಿಗೆಯ ವೇಗದಲ್ಲಿ ಓಡುವ ಹನ್ನೆರಡು ಸೀಟಿನ ಬ್ಯಾಟರಿ ಬಸ್ಸೊಂದನ್ನು ಸೇರಿಸುವುದಾಗಿಯೂ ಹೇಳಿದ. ಒಳ್ಳೆಯದೇ, ಆದರೆ ನಕ್ಷೆ ಬದಲಾದರೆ ಅದನ್ನು ಮೂವತ್ತು ದಿನ ಜನರ ಮುಂದಿಡಬೇಕು ಎಂಬುದು ನಿಯಮ. ಮೂವತ್ತು ದಿನ ಈ ಸಮಿತಿಗೆ ಉಳಿದಿರಲಿಲ್ಲ. ಕಡತ ಮುಂದಿನ ಸಮಿತಿಗೆ ಹೋಯಿತು.

"ಗೆದ್ದ ಆಟಾನ ಎತ್ತಿ ಕೊಟ್ಬಿಟ್ರಲ್ರೀ" ಎಂದು ಬೆನ್ನು ತಟ್ಟಿದ್ದ ಸದಸ್ಯರು ಮುಖ ತಿರುಗಿಸಿ ಹೋದರು. "ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕ್ಕೊಳ್ಳೋದು ಅಂದ್ರೆ ಇದೇ."

ಮೆಟ್ಟಿಲಿಳಿಯುವಾಗ ಚಪ್ಪಲಿ ಅಂಗಡಿಯವರು ಹಿಂದಿನಿಂದ ಬಂದು ಜೊತೆಯಾದರು. ಕೊಂಕು ಮಾತೊಂದು ಬರುತ್ತದೆ ಎಂದು ಅವನು ಕಾದ.

"ಆ ಸಣ್ಣ ಬಸ್ಸು" ಎಂದರು ಅವರು ಗಂಟಲು ಸರಿಮಾಡಿಕೊಂಡು, "ಅದು ನನ್ನ ಅಂಗಡಿ ಮುಂದೆ ನಿಲ್ಲುತ್ತಾ?"

"ಇನ್ನೂ ನಕ್ಷೇನೇ ಆಗಿಲ್ಲ ಸಾಹುಕಾರ್ರೇ."

"ನಿಲ್ಲೋದಾದ್ರೆ ಬನ್ನಿ, ಮಾತಾಡೋಣ. ನಿಲ್ಲಲ್ಲ ಅಂದ್ರೆ ನೀವು ಯಾರೋ ನಾನು ಯಾರೋ." ಹೇಳಿ, ಕಾರಿನ ಬೀಗದ ಕೈ ತಿರುಗಿಸುತ್ತ ಹೋದರು.

ಅಂಗಡಿಯಲ್ಲಿ ಅಕ್ಕ ಮಿಷನ್ ತುಳಿಯದೆ ಕೂತಿದ್ದಳು. ಅವನು ಒಳಗೆ ಬಂದದ್ದು ಗೊತ್ತಾದರೂ ತಿರುಗಲಿಲ್ಲ.

"ಹಾಕಿದ್ರಾ ವೋಟು?"

"ಇಲ್ಲ. ಮುಂದಿನವರಿಗೆ ಹೋಯ್ತು."

"ಇನ್ನೂ ನೂರೈವತ್ತೇ ಮೀಟರು ಇದ್ದದ್ದು" ಎಂದಳು. "ನಾನು ಹೋಗಿರ್ತಿದ್ದೆ."

"ಗೊತ್ತು."

"ಮತ್ಯಾಕೆ ಮಾನ ತೆಗೆದೆ? ಎಲ್ಲರ ಮುಂದೆ ಹಾಗೆ ಕೂರಿಸಿ..." ಮಾತು ಅರ್ಧಕ್ಕೇ ನಿಂತಿತು. ಕಣ್ಣು ಒರೆಸಿಕೊಂಡಳೋ ಬೆವರು ಒರೆಸಿಕೊಂಡಳೋ, ಸೆರಗಿನ ಮರೆಯಲ್ಲಿ ಅವನಿಗೆ ಕಾಣಲಿಲ್ಲ.

ಆಮೇಲೆ ಅವಳು ನಿನ್ನೆಯ ಪ್ಯಾಂಟನ್ನು ಅವನತ್ತ ಎಸೆದಳು. "ಹಾಕ್ಕೊಂಡು ಬಾ. ಒಂದು ಕಾಲು ಉಳಿದಿದೆ."

ಅವನು ಪರದೆಯ ಹಿಂದೆ ಹೋಗಿ ಹಾಕಿಕೊಂಡು ಬಂದ. ಅವಳು ಗಿಡ್ಡ ಮಣೆಯ ಮೇಲೆ ಕೂತು, ಗುಂಡುಸೂಜಿಗಳನ್ನು ತುಟಿಯಲ್ಲಿ ಹಿಡಿದು, ಅವನ ಪಾದದ ಹತ್ತಿರ ಬಟ್ಟೆ ಮಡಚಿದಳು.

"ನೆಟ್ಟಗೆ ನಿಂತ್ಕೋ. ಅಲ್ಲಾಡಬೇಡ."

ಹೊರಗೆ ಬಸ್ಸು ಬಂದು ನಿಂತು, ಹಾರ್ನ್ ಮಾಡಿ, ಹೊರಟಿತು. ಮನೆಗೆ ಹೋಗುವ ಅವಳ ಬಸ್ಸು.

"ಇನ್ನು ಮುಕ್ಕಾಲು ಗಂಟೆ ಬಿಟ್ಟೇ ಮುಂದಿನದು" ಎಂದಳು.

"ಜೊತೇಲೇ ಹೋಗೋಣ."

ಅವಳ ಬಾಯಿಂದ 'ನೀನು ಹೋಗ್ತಿರು' ಎಂಬ ಆ ಹಳೆಯ ಮಾತು ಬರುವುದೆಂದು ಅವನು ಕಾದ. ಅವಳು ತುಟಿಯಿಂದ ಒಂದು ಗುಂಡುಸೂಜಿ ತೆಗೆದು ಬಟ್ಟೆಗೆ ಚುಚ್ಚಿದಳು. ಆಮೇಲೆ ಇನ್ನೊಂದು. ಮಾತು ಬರಲಿಲ್ಲ.